ಆಗದೇ ಹೋದದ್ದರ ಲೆಕ್ಕ

2011ರ ಜನಗಣತಿಯ ಪ್ರಕಾರ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13,89,920. ಆಗ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕು. ಕಾರಟಗಿ, ಕನಕಗಿರಿ, ಕುಕನೂರು ಆಮೇಲೆ ಬಂದವು. ತೊಟ್ಟಿಲ ಕೂಸಿನಿಂದ ಹಿಡಿದು ಕಟ್ಟೆಯ ಮೇಲೆ ಕೂತ ಹಿರಿಯರವರೆಗೆ ಈ ಇಡೀ ಜಿಲ್ಲೆಯನ್ನು ವಿಮಾನ ಹತ್ತಿಸಿ ದೇಶದೊಳಗೇ ಎಲ್ಲಿಗಾದರೂ ಕಳಿಸಬೇಕು ಅಂದುಕೊಳ್ಳಿ. ಎಷ್ಟು ದಿನ ಬೇಕಾದೀತು? 2024ರಲ್ಲಿ ಭಾರತದ ದೇಶೀಯ ವಿಮಾನಗಳಲ್ಲಿ ಓಡಾಡಿದವರ ಸಂಖ್ಯೆ 16.13 ಕೋಟಿ. ದಿನಕ್ಕೆ ಸರಾಸರಿ 4 ಲಕ್ಷ 40 ಸಾವಿರ. ಭಾನುವಾರ ನಡುರಾತ್ರಿ ಶುರು ಮಾಡಿದರೆ ಗುರುವಾರ ಕೋಳಿ ಕೂಗುವ ಹೊತ್ತಿಗೆ ನಾಲ್ಕೂ ತಾಲ್ಲೂಕು ಖಾಲಿ.

ಇದರಲ್ಲೊಂದು ತಮಾಷೆಯಿದೆ. ಹೀಗೆ ಖಾಲಿಯಾಗಬೇಕಾದ ಜಿಲ್ಲೆಯಲ್ಲಿ ಟಿಕೆಟ್ ತೆಗೆದು ಹತ್ತುವಂಥ ವಿಮಾನವೇ ಇಲ್ಲ. ಕೊಪ್ಪಳದ ಹತ್ತಿರ ಒಂದು ಖಾಸಗಿ ಏರ್‌ಸ್ಟ್ರಿಪ್ ಇದೆ. ಉಡಾನ್ ಯೋಜನೆಯ ಪಟ್ಟಿಯಲ್ಲಿ ಊರಿನ ಹೆಸರೂ ಬಂದಿತ್ತು. ವಿಮಾನ ಮಾತ್ರ ಬರಲಿಲ್ಲ. ಹಾರಬೇಕಾದವರು ಹುಬ್ಬಳ್ಳಿಗೋ ತೋರಣಗಲ್ಲಿಗೋ ಹೋಗಬೇಕು. ಹಾಗಿದ್ದರೂ ವಿಮಾನಯಾನದ ಒಂದು ಲೆಕ್ಕವನ್ನು ಈ ಜಿಲ್ಲೆಯಲ್ಲಿ ಕೂತು ಬಿಡಿಸಿದರೆ ಬೇರೆಲ್ಲೂ ಕಾಣದ್ದು ಕಾಣುತ್ತದೆ. ಅದಕ್ಕೆ ಕಾರಣ ತುಂಗಭದ್ರಾ ಅಣೆಕಟ್ಟು. ಅಲ್ಲಿಗೆ ಆಮೇಲೆ ಬರೋಣ.

ಮೊದಲು ಆಕಾಶದ ಲೆಕ್ಕ. 2024ರಲ್ಲಿ ಜಗತ್ತಿನಾದ್ಯಂತ ನಡೆದ ವಿಮಾನ ಹಾರಾಟ 4.06 ಕೋಟಿ. ನಿಮಿಷಕ್ಕೆ 77. ನೀವು ಈ ಪುಟ ಓದಿ ಮುಗಿಸುವಷ್ಟರಲ್ಲಿ ಇನ್ನೂರು ಮುನ್ನೂರು ವಿಮಾನ ನೆಲ ಬಿಟ್ಟಿರುತ್ತವೆ. ಆ ವರ್ಷ ಸಾವಿನಲ್ಲಿ ಮುಗಿದ ಹಾರಾಟಗಳು 7, ವಿಮಾನದೊಳಗೆ ಸತ್ತವರು 244. ಅದರ ಹಿಂದಿನ ವರ್ಷ, 2023ರಲ್ಲಿ, 3.77 ಕೋಟಿ ಹಾರಾಟಗಳಲ್ಲಿ ಸಾವು ತಂದದ್ದು ಒಂದೇ ಒಂದು: ನೇಪಾಳದ ಪೋಖರಾದಲ್ಲಿ 72 ಜನರನ್ನು ಕೊಂದ ಜನವರಿ 15ರ ಅಪಘಾತ. ಇವು ಜಗತ್ತಿನ ವಿಮಾನ ಕಂಪನಿಗಳ ಒಕ್ಕೂಟ ಐಎಟಿಎ ಕೊಡುವ ಅಂಕಿಗಳು.

ಅಮೆರಿಕದ ಎಂಐಟಿಯ ಆರ್ನಾಲ್ಡ್ ಬಾರ್ನೆಟ್ ಎಂಬ ಪ್ರಾಧ್ಯಾಪಕರು ದಶಕಗಳಿಂದ ಒಂದೇ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ. ಎಷ್ಟು ಜನ ವಿಮಾನ ಹತ್ತಿದರೆ ಅವರಲ್ಲೊಬ್ಬರು ಅಪಘಾತದಲ್ಲಿ ಸಾಯುತ್ತಾರೆ? 1968ರಿಂದ 1977ರ ಅವಧಿಗೆ ಅವರ ಉತ್ತರ 3.5 ಲಕ್ಷಕ್ಕೆ ಒಬ್ಬರು. 2018ರಿಂದ 2022ರ ಅವಧಿಗೆ 1 ಕೋಟಿ 37 ಲಕ್ಷಕ್ಕೆ ಒಬ್ಬರು. ದಿನಕ್ಕೊಂದು ವಿಮಾನ ಹತ್ತುವ ವ್ರತ ಹಿಡಿದವನಿಗೆ ಸರಾಸರಿ ಲೆಕ್ಕದಲ್ಲಿ ಕುತ್ತು ಬರಲು 37,500 ವರ್ಷ ಬೇಕು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಬೃಹತ್ ಶಿಲಾಯುಗದವರು ನಿಲ್ಲಿಸಿದ ಕಲ್ಮನೆಗಳಿವೆಯಲ್ಲ, ಅವುಗಳಲ್ಲಿ ತೀರ ಹಳೆಯವಕ್ಕೂ ಈಗ ಸುಮಾರು 2,800 ವರ್ಷ. ಆ ಕಲ್ಲು ನಿಂತ ದಿನ ಹಾರಲು ಶುರು ಮಾಡಿದ್ದರೂ ಅವನು ಇವತ್ತಿಗೆ ಹದಿಮೂರನೆಯ ಒಂದು ಪಾಲು ದಾರಿ ಮಾತ್ರ ಸವೆಸಿರುತ್ತಿದ್ದ.

ಈಗ ಹಳೆಯ ದರವನ್ನು ಹೊಸ ಜನಸಂದಣಿಗೆ ಹಚ್ಚಿ ನೋಡೋಣ. 1970ರ ದಶಕದ ಅಪಾಯವೇ ಮುಂದುವರಿದಿದ್ದರೆ, ಅಂದರೆ 3.5 ಲಕ್ಷಕ್ಕೆ ಒಬ್ಬರಂತೆ, 2024ರ ನಮ್ಮ 16.13 ಕೋಟಿ ದೇಶೀಯ ಪ್ರಯಾಣಿಕರಲ್ಲಿ ಸಾಯಬೇಕಾಗಿದ್ದವರು 461. ವರ್ಷಕ್ಕೆ. ಇದನ್ನು ಗುಣಿಸಿ ಭಾಗಿಸಿ ಬರೆದಿಟ್ಟು, ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿ ತೆರೆದೆ. ಆ ವರ್ಷ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಅದನ್ನು 365ರಿಂದ ಭಾಗಿಸಿದರೆ ಬರುವುದೂ ಹೆಚ್ಚುಕಡಿಮೆ ಅಷ್ಟೇ, 462. ದಿನಕ್ಕೆ. ಆಕಾಶ ಯಾವ ಅಪಾಯವನ್ನು ಸಹಿಸಲಾಗದೆಂದು ಐವತ್ತು ವರ್ಷ ದುಡಿದು ಹಿಂದೆ ಬಿಟ್ಟಿತೋ, ಅದು ವರ್ಷವಿಡೀ ಕೊಲ್ಲಬಹುದಾಗಿದ್ದಷ್ಟು ಜನರನ್ನು ರಸ್ತೆ ಒಂದೇ ದಿನದಲ್ಲಿ ಕೊಲ್ಲುತ್ತಿದೆ. ಅಂಕಿ ಹೀಗೆ ಕೂಡಿಬಂದದ್ದು ಕಾಕತಾಳೀಯ, ಅದಕ್ಕೆ ಒಳಗಿನ ಅರ್ಥ ಹುಡುಕಬೇಕಿಲ್ಲ. (ಆ ವರ್ಷದ ಒಟ್ಟು ರಸ್ತೆ ಅಪಘಾತ ಎಷ್ಟು ಗೊತ್ತೇ? 4 ಲಕ್ಷ 61 ಸಾವಿರ. ಸಂಖ್ಯಾಶಾಸ್ತ್ರ ಹೇಳುವವರಿಗೆ ಇಷ್ಟು ಸಾಕು, ಒಂದು ಪುಸ್ತಕ ಬರೆದಾರು.)

ಆಕಾಶದ ಈ ಬದಲಾವಣೆ ಎಲ್ಲಿಂದ ಬಂತು? ಗಟ್ಟಿ ಎಂಜಿನ್, ಒಳ್ಳೆಯ ರಾಡಾರ್, ಗುಡ್ಡ ಅಡ್ಡಬಂದರೆ ಕೂಗಿ ಹೇಳುವ ಯಂತ್ರ ಎಲ್ಲವೂ ಸೇರಿವೆ. ಆದರೆ ಲೋಹಕ್ಕೆ ಸಂಬಂಧಿಸದ ಒಂದು ಕಾರಣವೂ ಇದೆ, ಅದರ ಕಥೆ ಶುರುವಾಗುವುದು 1974ರ ಡಿಸೆಂಬರ್ 1ರಂದು. ಅಮೆರಿಕದ ಟಿಡಬ್ಲ್ಯುಎ ಕಂಪನಿಯ 514ನೇ ವಿಮಾನ ವಾಷಿಂಗ್ಟನ್ ಹತ್ತಿರ ಇಳಿಯಲು ಬರುತ್ತಿತ್ತು. ‘ಇಳಿಯಲು ಅನುಮತಿಯಿದೆ’ ಎಂಬ ನಿಯಂತ್ರಕರ ಮಾತನ್ನು ಪೈಲಟ್‌ಗಳು ಒಂದು ರೀತಿ ಅರ್ಥ ಮಾಡಿಕೊಂಡರು, ನಿಯಂತ್ರಕರ ಮನಸ್ಸಿನಲ್ಲಿದ್ದದ್ದು ಇನ್ನೊಂದು. ವಿಮಾನ ಬೇಗ ಕೆಳಗಿಳಿದು ಮೌಂಟ್ ವೆದರ್ ಎಂಬ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 92 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ತನಿಖೆ ನಡೆಸಿದವರ ಎದೆ ಝಲ್ಲೆನಿಸಿದ್ದು ಆಮೇಲೆ. ಆರು ವಾರ ಮುಂಚೆ ಯುನೈಟೆಡ್ ಕಂಪನಿಯ ವಿಮಾನವೊಂದು ಅದೇ ಜಾಗದಲ್ಲಿ, ಅದೇ ತಪ್ಪು ತಿಳಿವಳಿಕೆಯಿಂದ, ಅದೇ ಬೆಟ್ಟವನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತ್ತು. ಅದರ ಪೈಲಟ್‌ಗಳು ಪ್ರಾಮಾಣಿಕವಾಗಿ ತಮ್ಮ ಕಂಪನಿಗೆ ತಿಳಿಸಿದ್ದರು. ಕಂಪನಿ ತನ್ನ ಪೈಲಟ್‌ಗಳಿಗೆಲ್ಲ ಎಚ್ಚರಿಕೆ ಕೊಟ್ಟಿತ್ತು. ಸುದ್ದಿ ಅಲ್ಲಿಗೇ ನಿಂತಿತು. ಪಕ್ಕದ ಕಂಪನಿಗೆ ಅದು ದಾಟಲು ದಾರಿಯೇ ಇರಲಿಲ್ಲ. 92 ಜೀವ ಉಳಿಸಬಹುದಾಗಿದ್ದ ಮಾಹಿತಿ ಆರು ವಾರ ಒಂದು ಆಫೀಸಿನ ಕಡತದಲ್ಲಿ ಕೂತಿತ್ತು.

1976ರಲ್ಲಿ ಅದಕ್ಕೊಂದು ದಾರಿ ಮಾಡಿದರು. ಯಾವ ಪೈಲಟ್, ಯಾವ ನಿಯಂತ್ರಕ, ಯಾವ ಮೆಕ್ಯಾನಿಕ್ ಬೇಕಾದರೂ ತಾನು ಕಂಡ, ತಾನೇ ಮಾಡಿದ ಎಡವಟ್ಟನ್ನು ಬರೆದು ಕಳಿಸಬಹುದು. ಕಳಿಸಬೇಕಾದ್ದು ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರವಿದ್ದ ಇಲಾಖೆಗಲ್ಲ, ನಾಸಾಗೆ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಸಂಸ್ಥೆಗೆ ಯಾರದೋ ಕಾಕ್‌ಪಿಟ್ಟಿನ ಮರೆವಿನ ಪತ್ರ! ಕಾರಣ ಸರಳ: ನಾಸಾಗೆ ಯಾರನ್ನೂ ಶಿಕ್ಷಿಸುವ ಅಧಿಕಾರವಿರಲಿಲ್ಲ, ಹಾಗಾಗಿ ಜನ ಅದನ್ನು ನಂಬಿದರು. ಹೆಸರು ಅಳಿಸಲಾಗುತ್ತದೆ, ವಿಷಯ ಎಲ್ಲರಿಗೂ ಹೋಗುತ್ತದೆ. ಹತ್ತು ದಿನದೊಳಗೆ ಬರೆದು ಕಳಿಸಿದರೆ, ಬೇಕೆಂದೇ ಮಾಡಿದ್ದಲ್ಲದಿದ್ದರೆ, ಲೈಸೆನ್ಸಿಗೆ ಕುತ್ತಿಲ್ಲ. ಇಲ್ಲಿಯವರೆಗೆ ಬಂದಿರುವ ಪತ್ರಗಳು 20 ಲಕ್ಷಕ್ಕೂ ಹೆಚ್ಚು. ಒಂದೊಂದೂ ಆಗದೇ ಹೋದ ಅಪಘಾತದ, ಅಥವಾ ಅದರ ಒಂದು ತುಣುಕಿನ, ದಾಖಲೆ. ಇಡೀ ಕೊಪ್ಪಳ ಜಿಲ್ಲೆಯ ಜನ ತಲೆಗೊಂದರಂತೆ ಪತ್ರ ಬರೆದಿದ್ದರೂ ಆರು ಲಕ್ಷ ಕಡಿಮೆ ಬೀಳುತ್ತಿತ್ತು.

ಈಗ ಜಗತ್ತಿನ ವಿಮಾನಯಾನದಲ್ಲಿ ಸೇಫ್ಟಿ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂದು ಕರೆಯುವುದರ ಜೀವಾಳ ಇದೇ. ಎಸ್‌ಎಂಎಸ್ ಎಂದು ಚುಟುಕಾಗಿ ಹೇಳುತ್ತಾರೆ. 193 ದೇಶಗಳು ಸದಸ್ಯರಾಗಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಐಸಿಎಒ, 2009ರ ಜನವರಿ 1ರಿಂದ ವಿಮಾನ ಕಂಪನಿಗಳಿಗೆ ಇದನ್ನು ಕಡ್ಡಾಯ ಮಾಡಿತು. 2013ರಲ್ಲಿ ತನ್ನ ನಿಯಮಾವಳಿಗೆ ಸುರಕ್ಷತಾ ನಿರ್ವಹಣೆಗೆಂದೇ 19ನೇ ಅನುಬಂಧವನ್ನು ತಂದಿತು. ಮೂರು ದಶಕಕ್ಕೂ ಹೆಚ್ಚು ಕಾಲದ ನಂತರ ಆ ನಿಯಮಾವಳಿಗೆ ಸೇರಿದ ಹೊಸ ಅನುಬಂಧ ಅದೊಂದೇ. ಒಳಗಿರುವುದು ದೊಡ್ಡ ವಿದ್ಯೆಯೇನಲ್ಲ. ಅಪಾಯ ಎಲ್ಲಿದೆಯೆಂದು ಅಪಘಾತಕ್ಕೆ ಮುಂಚೆಯೇ ಹುಡುಕು, ಅದು ಎಷ್ಟು ಸಲ ಬಂದೀತು, ಬಂದರೆ ಎಷ್ಟು ಕೆಟ್ಟೀತು ಎಂದು ಅಳೆ, ತಗ್ಗಿಸು, ತಗ್ಗಿತೇ ಎಂದು ಮತ್ತೆ ನೋಡು. ಕಂಪನಿಯ ತಲೆಯಾಳು ಇದಕ್ಕೆ ಸ್ವತಃ ಜವಾಬ್ದಾರ, ಹೇಳಿದವನನ್ನು ದಂಡಿಸಬೇಡ. ಇನ್ನೊಂದು ಕಡೆ ಯಂತ್ರಗಳೂ ಹೇಳುತ್ತಿರುತ್ತವೆ. 27 ಟನ್‌ಗಿಂತ ಭಾರದ ವಿಮಾನ ಹಾರಿಸುವ ಕಂಪನಿ ತನ್ನ ಹಾರಾಟಗಳ ದತ್ತಾಂಶವನ್ನು ಏನೂ ಆಗದಿದ್ದರೂ ಜಾಲಾಡಬೇಕೆಂಬುದು 2005ರಿಂದ ಇರುವ ನಿಯಮ. ಹಿಂದೆ ತಗಡಿನ ಸುರುಳಿಯ ಮೇಲೆ ಐದು ಗೆರೆ ಕೊರೆಯುತ್ತಿದ್ದ ಕಪ್ಪುಪೆಟ್ಟಿಗೆಯ ಜಾಗದಲ್ಲಿ ಈಗ ಸಾವಿರಾರು ಅಳತೆಗಳನ್ನು ಬರೆದಿಡುವ ಪೆಟ್ಟಿಗೆಯಿದೆ. ಹತ್ತು ಅಡಿ ಆಚೆ ಇಳಿದದ್ದು, ರೆಕ್ಕೆಯ ಫ್ಲ್ಯಾಪ್ ಎರಡು ಸೆಕೆಂಡ್ ತಡವಾಗಿ ತೆರೆದದ್ದು, ಎಲ್ಲವೂ ದಾಖಲು.

ಈ ಚಿಂತನೆಯ ಬೇರಿನಲ್ಲಿ ಇನ್ನೂ ಹಳೆಯ ಒಂದು ಅನುಪಾತವಿದೆ. 1931ರಲ್ಲಿ ಹೈನ್ರಿಚ್ ಎಂಬ ಅಮೆರಿಕದ ವಿಮಾ ಕಂಪನಿಯ ನೌಕರ ಕಾರ್ಖಾನೆಗಳ ಕಡತ ತಿರುವಿ, ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯ, 300 ಗಾಯವಿಲ್ಲದ ಎಡವಟ್ಟು ಇರುತ್ತವೆ ಅಂದ. ತರಬೇತಿ ಕೊಡುವವರು ಈ 1–29–300ನ್ನು ಪಂಚಾಂಗದ ತಿಥಿಯಂತೆ ಹೇಳುತ್ತಾರೆ. ಅವನ ಮೂಲ ಕಡತಗಳು ಈಗ ಯಾರಿಗೂ ಸಿಗುವುದಿಲ್ಲ, ಆದ್ದರಿಂದ ಅಂಕಿಯನ್ನು ಅಷ್ಟು ನಂಬಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ದೊಡ್ಡದರ ಮುಂಚೆ ಸಣ್ಣವು ಬಂದು ಹೋಗಿರುತ್ತವೆ ಎಂಬ ಅವನ ಮಾತು ಮಾತ್ರ ನಮ್ಮ ರಾಜ್ಯದಲ್ಲೇ ರುಜುವಾಗಿದೆ.

1981ರ ಆಗಸ್ಟ್ 19. ಮಂಗಳೂರಿನ ಬಜ್ಪೆ. ಗುಡ್ಡದ ತಲೆ ಕಡಿದು ಮಾಡಿದ ರನ್‌ವೇಯಲ್ಲಿ ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನವೊಂದು ನಿಲ್ಲದೆ ಮುಂದೋಡಿ ಅಂಚಿನಲ್ಲಿ ನಿಂತಿತು. ವಿಮಾನ ಮತ್ತೆ ಹಾರುವ ಸ್ಥಿತಿಯಲ್ಲಿ ಉಳಿಯಲಿಲ್ಲ, ಜನ ಉಳಿದರು. ಅದೇ ಗುಡ್ಡದ ಮೇಲೆ 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೇ ವಿಮಾನ ಆ ಹೊಸ ರನ್‌ವೇಯ ಕೊನೆ ದಾಟಿ ಕಣಿವೆಗೆ ಬಿತ್ತು. ಒಳಗಿದ್ದವರು 166. ಸತ್ತವರು 158. ಉಳಿದವರು 8.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖೆಯ ವರದಿಯಲ್ಲಿ ಬರುವ ಅಂಕಿಗಳನ್ನು ನೋಡಿ. ಕಾಕ್‌ಪಿಟ್ ಧ್ವನಿಮುದ್ರಿಕೆಯ ಉದ್ದ 2 ಗಂಟೆ 5 ನಿಮಿಷ. ಅದರಲ್ಲಿ ಕ್ಯಾಪ್ಟನ್ ನಿದ್ದೆಯಲ್ಲಿದ್ದದ್ದು 1 ಗಂಟೆ 40 ನಿಮಿಷ, ಗೊರಕೆ ಟೇಪಿನಲ್ಲೇ ಇದೆ. ಅವರಿಗಿದ್ದದ್ದು 10,000 ಗಂಟೆಗೂ ಮೀರಿದ ಹಾರಾಟದ ಅನುಭವ. ಮಂಗಳೂರಿನ ರಾಡಾರ್ ಆಗ ಕೆಟ್ಟಿತ್ತು, ಅದರಿಂದ ಇಳಿಯಲು ಅನುಮತಿ ಎಂದಿಗಿಂತ ತಡವಾಗಿ, ನಿಲ್ದಾಣದ ಹತ್ತಿರ ಬಂದ ಮೇಲೆ ಸಿಕ್ಕಿತು. ವಿಮಾನ ಎತ್ತರವೇ ಉಳಿಯಿತು. ‘ಇಳಿಸಬೇಡಿ, ಮತ್ತೊಂದು ಸುತ್ತು ಹೋಗೋಣ’ ಎಂದು ಸಹಪೈಲಟ್ ಹೇಳಿದ್ದು ಮೂರು ಸಲ. ಯಂತ್ರವೂ ಬೇರೆ ಕೂಗುತ್ತಿತ್ತು. ರನ್‌ವೇಯ ಒಟ್ಟು ಉದ್ದ 8,038 ಅಡಿ, ಚಕ್ರ ನೆಲ ಮುಟ್ಟಿದ್ದು ಸುಮಾರು 5,200ನೇ ಅಡಿಯಲ್ಲಿ. ಉಳಿದದ್ದು ಮೂರನೇ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು.

ಎಲ್ಲ ತಪ್ಪನ್ನೂ ಸತ್ತವರ ತಲೆಗೆ ಕಟ್ಟಿ ಕಡತ ಮುಚ್ಚುವುದು ಸುಲಭವಿತ್ತು. ನನಗೆ ಈ ವರದಿಯಲ್ಲಿ ಬಹಳ ದೊಡ್ಡದಾಗಿ ಕಂಡದ್ದು ಒಂದು ಸಣ್ಣ ವಾಕ್ಯ: ಕ್ಯಾಪ್ಟನ್ ಕೇಳದಿದ್ದರೆ ಸಹಪೈಲಟ್ ತಾನೇ ವಿಮಾನವನ್ನು ಮೇಲೆತ್ತಬಹುದೇ ಎಂಬ ಬಗ್ಗೆ ಇದ್ದ ಸೂಚನೆಗಳು ಅಸ್ಪಷ್ಟವಾಗಿದ್ದವು. 158 ಜೀವಗಳ ಕೊನೆಯ ಕ್ಷಣಗಳಲ್ಲಿ ಕೈಗೆಟಕುವಷ್ಟರಲ್ಲೇ ಕಂಟ್ರೋಲ್ ಇದ್ದ, ಅಪಾಯ ಕಂಡಿದ್ದ, ಮೂರು ಸಲ ಬಾಯಿಬಿಟ್ಟು ಹೇಳಿದ್ದ ಮನುಷ್ಯನಿಗೆ, ತಾನು ಮುಂದೇನು ಮಾಡಬಹುದು ಎಂಬುದು ಕಾಗದದ ಮೇಲೆ ಸ್ಪಷ್ಟವಿರಲಿಲ್ಲ. ಹಿರಿಯರ ಮುಂದೆ ಕಿರಿಯರು ಎಷ್ಟು ಮಾತಾಡಬಹುದು ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ, ಮಠಗಳಲ್ಲಿ, ಆಫೀಸುಗಳಲ್ಲಿ ದಿನವೂ ಇರುವುದೇ. ಕಾಕ್‌ಪಿಟ್ಟಿನಲ್ಲಿ ಅದಕ್ಕೆ ಅಡಿಗಳಲ್ಲಿ ಅಳೆಯಬಹುದಾದ ಬೆಲೆಯಿದೆ.

ಅದಕ್ಕೂ ಇಪ್ಪತ್ತು ವರ್ಷ ಮುಂಚೆ, 1990ರ ಫೆಬ್ರವರಿ 14ರಂದು, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಂಡಿಯನ್ ಏರ್‌ಲೈನ್ಸಿನ ಹೊಚ್ಚಹೊಸ ಎ320 ವಿಮಾನ ರನ್‌ವೇ ತಲುಪುವ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಇಳಿದು ಉರಿಯಿತು. 146 ಜನರಲ್ಲಿ 92 ಮಂದಿ ಸತ್ತರು. ಮೌಂಟ್ ವೆದರ್ ಬೆಟ್ಟದಲ್ಲಿ ಸತ್ತವರೂ ಅಷ್ಟೇ. ಅಲ್ಲಿ 92ರ ನಂತರ ಎರಡೇ ವರ್ಷದೊಳಗೆ ಬಾಯಿಬಿಡುವವರಿಗೆ ರಕ್ಷಣೆ ಕೊಡುವ ಏರ್ಪಾಟು ಬಂತು. ನಮ್ಮಲ್ಲಿ 92ರ ನಂತರ ಆ ಮಾದರಿಯ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿ ಕೂರಿಸಲಾಯಿತು. ಅಪಘಾತ ತನಿಖೆಗೆ, ದೇಶದ ವಿಮಾನಯಾನ ನಿಯಂತ್ರಿಸುವ ಡಿಜಿಸಿಎಯಿಂದ ಬೇರೆಯಾದ ಒಂದು ಬ್ಯೂರೋ ಬೇಕು ಎಂಬುದು ಕೈಗೂಡಿದ್ದು ಮಂಗಳೂರಿನ ನಂತರ, 2012ರಲ್ಲಿ.

ಆಮೇಲೂ ದಾರಿ ನೇರವಾಗಿರಲಿಲ್ಲ. 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಭಾರತವನ್ನು ಎರಡನೇ ದರ್ಜೆಗೆ ಇಳಿಸಿತು. ಮುಖ್ಯ ಕೊರತೆಗಳಲ್ಲೊಂದು, ಪೈಲಟ್‌ಗಳ ಕೆಲಸ ಪರಿಶೀಲಿಸಲು ನಮ್ಮ ಡಿಜಿಸಿಎಯಲ್ಲಿ ಸಾಕಷ್ಟು ಪೂರ್ಣಕಾಲಿಕ ಇನ್‌ಸ್ಪೆಕ್ಟರ್‌ಗಳೇ ಇರಲಿಲ್ಲ. ನೂರು ಕೋಟಿ ಮೀರಿದ ಜನರ ದೇಶದ ಮಾನ ಉಳಿಸಲು ಕೇಂದ್ರ ಸಂಪುಟ ತುರ್ತಾಗಿ ಮಂಜೂರು ಮಾಡಿದ ಹುದ್ದೆಗಳು 75. ಒಂದು ಬಸ್ಸಿನಲ್ಲಿ ಒತ್ತಿ ಕೂರಿಸಬಹುದಾದಷ್ಟು ಜನ. 2015ರ ಏಪ್ರಿಲ್‌ನಲ್ಲಿ ಮೊದಲ ದರ್ಜೆ ಮರಳಿ ಸಿಕ್ಕಿತು. 2022ರ ಐಸಿಎಒ ತಪಾಸಣೆಯಲ್ಲಿ ಭಾರತದ ಅಂಕ ಶೇ 69.95ರಿಂದ 85.65ಕ್ಕೆ ಏರಿ, ಸ್ಥಾನ 102ರಿಂದ 48ಕ್ಕೆ ಬಂತು. ಹಿಗ್ಗುವ ಸಂಗತಿಯೇ. ಆದರೆ 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನವೊಂದು ಬಿದ್ದು, ಒಳಗಿದ್ದ 242 ಜನರಲ್ಲಿ 241, ನೆಲದ ಮೇಲೆ 19, ಒಟ್ಟು 260 ಜನ ಸತ್ತ ದಿನ ಆ ಶೇಕಡಾವಾರು ಯಾರ ನೆನಪಿಗೂ ಬರಲಿಲ್ಲ. ದಪ್ಪ ದಪ್ಪ ಕೈಪಿಡಿ ಅಚ್ಚು ಹಾಕಿಸಿ ಬೀರುವಿನಲ್ಲಿಟ್ಟು ತಪಾಸಣೆಯಲ್ಲಿ ಪಾಸಾಗುವುದು ಈ ವ್ಯವಸ್ಥೆಯ ಹುಟ್ಟುರೋಗ. ವಿಮಾನಯಾನದವರೇ ಅದನ್ನು ಒಪ್ಪುತ್ತಾರೆ.

ಇನ್ನೊಂದು ಅಂಕಿ ಹೇಳಿ, ತುಂಗಭದ್ರಾ ಅಣೆಕಟ್ಟಿರುವ ಮುನಿರಾಬಾದಿಗೆ ಹೋಗೋಣ. ದೊಡ್ಡ ವಿಮಾನವೊಂದರ ವಿನ್ಯಾಸಕ್ಕೆ ಒಪ್ಪಿಗೆ ಸಿಗಬೇಕಾದರೆ, ವಿಮಾನವನ್ನೇ ಕಳೆದುಕೊಳ್ಳುವಂಥ ಯಾವುದೇ ಒಂದು ಯಾಂತ್ರಿಕ ವೈಫಲ್ಯ 100 ಕೋಟಿ ಹಾರಾಟದ ಗಂಟೆಗಳಿಗೆ ಒಂದಕ್ಕಿಂತ ಹೆಚ್ಚು ಸಲ ಬರಬಾರದು ಎಂಬುದು ಅಳತೆ. ಒಂದೇ ವಿಮಾನ ಎಲ್ಲೂ ಇಳಿಯದೆ ಹಾರುತ್ತಿದ್ದರೆ 100 ಕೋಟಿ ಗಂಟೆಗೆ 1 ಲಕ್ಷ 14 ಸಾವಿರ ವರ್ಷ ಬೇಕು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಯ ಮೇಲೆ ಅಶೋಕನ ಶಾಸನ ಕೊರೆದು ಈಗ ಸುಮಾರು 2,250 ವರ್ಷ. ಅದರ ಐವತ್ತು ಪಟ್ಟು. ಕೇಳಿದರೆ ಅಪಾಯವೇ ಇಲ್ಲವೆನಿಸುತ್ತದೆ. ಆದರೆ ಹಾರುವುದು ಒಂದೇ ವಿಮಾನವಲ್ಲ. ವರ್ಷಕ್ಕೆ 4 ಕೋಟಿ ಹಾರಾಟ, ಒಂದೊಂದಕ್ಕೆ ಸರಾಸರಿ ಎರಡು ಗಂಟೆ ಹಿಡಿದರೂ 8 ಕೋಟಿ ಗಂಟೆ. ಹನ್ನೆರಡೂವರೆ ವರ್ಷದಲ್ಲಿ ಜಗತ್ತು 100 ಕೋಟಿಯನ್ನು ಮುಟ್ಟಿಬಿಡುತ್ತದೆ. ಒಬ್ಬನ ಪಾಲಿಗೆ ಯುಗಾಂತರದ ಮಾತು, ಎಲ್ಲರನ್ನೂ ಸೇರಿಸಿದರೆ ಒಂದು ಪುಷ್ಕರದಷ್ಟೇ ದೂರ.

ಈಗ ತುಂಗಭದ್ರೆ. ಅಣೆಕಟ್ಟಿನ ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ಮಂಗಳೂರಿನ ಆ ರನ್‌ವೇಯೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಕ್ರೆಸ್ಟ್ ಗೇಟುಗಳು 33. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ, ಅಂದರೆ 1,200 ಚದರಡಿ. ಬಡಾವಣೆಯ ಒಂದು ತರ್ಟಿ–ಫಾರ್ಟಿ ಸೈಟನ್ನು ಎಬ್ಬಿಸಿ ನಿಲ್ಲಿಸಿ ಹಿಂದೆ ನದಿಯನ್ನು ಒರಗಿಸಿದಂತೆ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತಿದ್ದಾಗ, 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದೇ ಕಿಂಡಿಯಿಂದ ನುಗ್ಗಿದ ನೀರು ಸುಮಾರು 35,000 ಕ್ಯುಸೆಕ್. ಸೆಕೆಂಡಿಗೆ 9 ಲಕ್ಷ 90 ಸಾವಿರ ಲೀಟರ್.

ಆ ಅಂಕಿಯನ್ನು ಹೀಗೆ ನೋಡಬಹುದು. ಜಲಜೀವನ್ ಮಿಷನ್ನಿನ ಅಳತೆಯಂತೆ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಆ ಲೆಕ್ಕದಲ್ಲಿ ಜಿಲ್ಲೆಯ 13,89,920 ಜನರ ಒಂದು ದಿನದ ನೀರು 7 ಕೋಟಿ 64 ಲಕ್ಷ ಲೀಟರ್. ಕುಷ್ಟಗಿ, ಯಲಬುರ್ಗಾದ ಬೇಸಿಗೆಯಲ್ಲಿ ಕೊಡ ಸರದಿ ಇಟ್ಟು ಕಾದ ಹೆಣ್ಣುಮಕ್ಕಳಿಗೆ ಅದರ ತೂಕ ಗೊತ್ತು. ಮುರಿದ ಗೇಟಿನಿಂದ ಅಷ್ಟು ನೀರು ಹರಿದುಹೋಗಲು ಹಿಡಿದದ್ದು 77 ಸೆಕೆಂಡ್. ಎಂಟು ಗಂಟೆಗೆ ಒಂದು ಟಿಎಂಸಿ. ಉಳಿದ ಗೇಟುಗಳ ಮೇಲಿನ ಒತ್ತಡ ಇಳಿಸಲು ಅವನ್ನೂ ತೆರೆದದ್ದರಿಂದ ನದಿಗೆ ಹೋದದ್ದು ಇದರ ಎಷ್ಟೋ ಪಟ್ಟು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚಿದಾಗ ಆಗಸ್ಟ್ 17.

‘ಎಪ್ಪತ್ತು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ’ ಎಂದು ಆ ವಾರ ಎಲ್ಲರೂ ಅಂದರು. ನಿಜವೇ. ಅದನ್ನು ವಿಮಾನದವರ ತಕ್ಕಡಿಗೆ ಹಾಕಿ ನೋಡೋಣ. 1953ರಿಂದ 2024ಕ್ಕೆ 71 ವರ್ಷ, ಗೇಟು 33: ಒಟ್ಟು 2,343 ಗೇಟು–ವರ್ಷಗಳಲ್ಲಿ ಒಂದು ವೈಫಲ್ಯ. ಗಂಟೆಗೆ ಇಳಿಸಿದರೆ 2 ಕೋಟಿ ಗಂಟೆಗೆ ಒಂದು. ಸಾಮಾನ್ಯ ಬದುಕಿಗೆ ಇದು ಬಹಳ ಒಳ್ಳೆಯ ದಾಖಲೆ, ಮನೆಯ ಯಾವ ಯಂತ್ರವೂ ಅಷ್ಟು ಬಾಳುವುದಿಲ್ಲ. ವಿಮಾನದ ಅಳತೆ 100 ಕೋಟಿ ಗಂಟೆ. ಅದಕ್ಕೆ ಹೋಲಿಸಿದರೆ ಐವತ್ತು ಪಟ್ಟು ಕಡಿಮೆ. ಒಂದೇ ಘಟನೆಯಿಂದ ತೆಗೆದ ದರ ಒರಟು ಲೆಕ್ಕ ಎನ್ನುವುದು ನಿಜ, ನಿಂತ ಗೇಟನ್ನೂ ಹಾರುವ ರೆಕ್ಕೆಯನ್ನೂ ಒಂದೇ ಪಡಿಯಲ್ಲಿ ಅಳೆಯಲಾಗದು ಎಂಬುದೂ ನಿಜ. ಆದರೂ ಒಂದು ಗೇಟಿಗೆ ಎರಡು ಸಾವಿರ ವರ್ಷಕ್ಕೊಮ್ಮೆ ಎನಿಸುವ ಆ ಅಪಾಯ, 33 ಗೇಟು ಸೇರಿದಾಗ ಒಂದು ಮನುಷ್ಯಾಯುಷ್ಯದೊಳಗೇ ಬಂದು ಬಾಗಿಲು ತಟ್ಟಿತು.

ಎಪ್ಪತ್ತು ವರ್ಷ ಏನೂ ಆಗಲಿಲ್ಲ ಎಂಬುದನ್ನು ವಿಮಾನಯಾನದಲ್ಲಿ ಸುರಕ್ಷತೆಯ ಪುರಾವೆಯಾಗಿ ಒಪ್ಪುವುದಿಲ್ಲ. ಅಲ್ಲಿ ಕೇಳುವುದು, ಆ ವರ್ಷಗಳಲ್ಲಿ ಎಷ್ಟು ಸಲ ಏನೋ ಆಗುವುದರಲ್ಲಿತ್ತು ಎಂದು. ಸರಪಳಿಯ ಕೊಂಡಿ ಎಷ್ಟು ಮಿಲಿಮೀಟರ್ ಸವೆದಿದೆ, ಹೋದ ವರ್ಷ ಎಷ್ಟಿತ್ತು, ಯಾರು ನೋಡಿದರು, ನೋಡಿದವರು ಹೇಳಿದರೇ, ಹೇಳಿದ್ದು ಯಾರ ಮೇಜಿನವರೆಗೆ ಹೋಯಿತು? ಈ ಅಣೆಕಟ್ಟಿನಲ್ಲಿ ಹೀಗಾಯಿತೆಂದು ನಾನು ಹೇಳುತ್ತಿಲ್ಲ, ಆದರೆ ನಮ್ಮ ಕಡೆಯ ಯಾವ ಇಲಾಖೆಯನ್ನು ನೆನೆದರೂ ಈ ಮಾತುಕತೆ ಕಿವಿಗೆ ಬೀಳುತ್ತದೆ. ಕಾಲುವೆಯ ಗ್ಯಾಂಗ್‌ಮನ್ ಅನ್ನುತ್ತಾನೆ: “ಸಾಹೇಬ್ರ, ಈ ಕೊಂಡಿ ಸವದಂಗ ಕಾಣ್ತೈತ್ರಿ.” ಮೇಲಿನಿಂದ ಉತ್ತರ: “ಇಷ್ಟ್ ವರ್ಷ ಏನಾಗೇತಿ? ಏನೂ ಆಗಂಗಿಲ್ಲ, ನಡಿ.” ಗ್ಯಾಂಗ್‌ಮನ್‌ಗೆ ಬರೆದು ಕಳಿಸಲು ನಾಸಾ ಇಲ್ಲ. ಬರೆದರೆ ‘ಮೊದಲೇ ಗೊತ್ತಿದ್ದೂ ಏನು ಮಾಡುತ್ತಿದ್ದೆ’ ಎಂಬ ನೋಟಿಸು ಮೊದಲು ಬರುವುದು ಅವನಿಗೇ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲದ ಮುಂಚೆ, ಮಳೆಗಾಲದ ನಂತರ ಪರಿಶೀಲನೆ ಆಗಲೇಬೇಕು ಅನ್ನುತ್ತದೆ. ಅದು ಅಗತ್ಯವೇ. ಆದರೆ ಹೊರಗಿನಿಂದ ಬಂದು ನೋಡಿ ಹೋಗುವ ಕಣ್ಣಿಗಿಂತ ದಿನಾ ಅಲ್ಲೇ ಓಡಾಡುವ ಕಿವಿಗೆ ಸರಪಳಿಯ ಸದ್ದು ಬದಲಾದದ್ದು ಮೊದಲು ಗೊತ್ತಾಗುತ್ತದೆ. ವಿಮಾನಯಾನ 92 ಹೆಣ ಎಣಿಸಿ ಕಲಿತದ್ದು ಇದನ್ನು.

ರಸ್ತೆಯ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. 2022ರಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಸತ್ತವರು ಸುಮಾರು 11,700. ದಿನಕ್ಕೆ 32. ಐದು ದಿನಕ್ಕೊಂದು ಬಜ್ಪೆ. ಕುಷ್ಟಗಿ ದಾಟುವ ರಾಷ್ಟ್ರೀಯ ಹೆದ್ದಾರಿ 50, ಕೊಪ್ಪಳ ದಾಟುವ 67, ಎರಡರಲ್ಲೂ ಲಾರಿ ಬ್ರೇಕ್ ಕಿರುಚಿ ಒಂದು ಮೊಳ ದೂರದಲ್ಲಿ ನಿಂತ ಘಟನೆಗಳು ದಿನಕ್ಕೆ ಎಷ್ಟಾಗುತ್ತವೆ? ಅದಕ್ಕೆ ಅಂಕಿಯೇ ಇಲ್ಲ. ಡ್ರೈವರ್ ಗಾಜು ಇಳಿಸಿ ನಾಲ್ಕು ಬೈದು ಮುಂದೆ ಹೋಗುತ್ತಾನೆ, ಅಲ್ಲಿಗೆ ದಾಖಲೆ ಮುಗಿಯಿತು.

ಗೇಟಿನ ಲೆಕ್ಕ ಇನ್ನೂ ಮುಗಿದಿಲ್ಲ. 19ನೆಯದನ್ನು ನೋಡಿದ ಮೇಲೆ ತಜ್ಞರು 33 ಗೇಟುಗಳನ್ನೂ ಬದಲಿಸಬೇಕೆಂದರು. 105.788 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 2025ರ ಮಳೆಗಾಲದಲ್ಲಿ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸಬಾರದೆಂದು ತೀರ್ಮಾನವಾಯಿತು. ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲವೆಂದು ಹೇಳಿದಾಗ ಗಂಗಾವತಿ, ಕಾರಟಗಿಯ ಭತ್ತದ ರೈತರು ಲೆಕ್ಕ ಹಾಕತೊಡಗಿದ್ದು ಚೀಲಗಳಲ್ಲಿ. ಟಿಎಂಸಿಯಲ್ಲೇ ಹಾಕಿದರೆ, ನಂಬಿಕೆ ಸಾಲದೆ ಬಂದ ಮಳೆಯನ್ನು ನದಿಗೆ ಬಿಟ್ಟು ಖಾಲಿ ಇಡಬೇಕಾಗಿ ಬಂದ ಜಾಗ 25.788 ಟಿಎಂಸಿ, ಅಂದರೆ 73 ಸಾವಿರ ಕೋಟಿ ಲೀಟರ್. ದಿನಕ್ಕೆ ತಲೆಗೆ 55 ಲೀಟರಿನಂತೆ ಹಂಚಿದರೆ ನಾಲ್ಕೂ ತಾಲ್ಲೂಕಿನ ಜನರಿಗೆ 26 ವರ್ಷದ ನೀರು.